ಐಎಸ್‌ಒ ಬಂದ ಮೇಲೂ ಹೊಸ ಯೋಚನೆ ನಿಲ್ಲದಿರಲು: ಬಿಡಿಭಾಗ ಕಾರ್ಖಾನೆಗಳಿಗೊಂದು ಮಾರ್ಗದರ್ಶಿ

ಪೀಣ್ಯದಲ್ಲೋ ಬೆಳಗಾವಿಯಲ್ಲೋ ಇರುವ ನಲವತ್ತು-ಐವತ್ತು ಜನರ ಮಷಿನ್ ಶಾಪ್ ಒಂದು ಐಎಸ್‌ಒ 9001 ಎಂಬ ಅಂತರರಾಷ್ಟ್ರೀಯ ಗುಣಮಟ್ಟ ನಿರ್ವಹಣಾ ಮಾನದಂಡದ ವ್ಯವಸ್ಥೆಯನ್ನು ಸರಿಯಾಗಿ ಅಳವಡಿಸಿಕೊಂಡರೆ ರಿಜೆಕ್ಷನ್ ಇಳಿಯುತ್ತದೆ, ಗ್ರಾಹಕರ ದೂರು ಕಡಿಮೆಯಾಗುತ್ತದೆ, ಡ್ರಾಯಿಂಗಿನ ಯಾವ ರಿವಿಜನ್ ಚಾಲ್ತಿಯಲ್ಲಿದೆ ಎಂಬ ಗೊಂದಲ ತಪ್ಪುತ್ತದೆ. ಇವೆಲ್ಲ ನಿಜವಾದ ಲಾಭಗಳೇ. ಆದರೆ ಅನೇಕ ಕಡೆ ಇದರ ಜೊತೆಗೇ ಇನ್ನೊಂದು ನಡೆಯುತ್ತದೆ. ‘ಸಾರ್, ಇದನ್ನ ಹಿಂಗೆ ಮಾಡಿದ್ರೆ ಹೆಂಗೆ?’ ಎಂದು ಕೇಳುತ್ತಿದ್ದ ಆಪರೇಟರ್ ಕೇಳುವುದನ್ನು ಬಿಡುತ್ತಾನೆ. ಕೇಳಿದಾಗಲೆಲ್ಲ ‘ಆಡಿಟ್ ಹತ್ತಿರ ಬಂತು, ಏನನ್ನೂ ಮುಟ್ಟಬೇಡ’ ಎಂಬ ಉತ್ತರ ಸಿಕ್ಕಿದ್ದರೆ ಅವನು ಕೇಳುವುದಾದರೂ ಯಾಕೆ?

ಕಾರ್ಖಾನೆಯ ಮಾಲೀಕರು, ಕ್ವಾಲಿಟಿ ವಿಭಾಗದ ಮುಖ್ಯಸ್ಥರು ಮತ್ತು ಶಿಫ್ಟ್ ಸೂಪರ್‌ವೈಸರ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯಲಾಗಿದೆ. ಪ್ರಮಾಣಪತ್ರಕ್ಕೆ ಧಕ್ಕೆ ಬಾರದಂತೆ, ಗ್ರಾಹಕರಿಗೆ ತಪ್ಪು ಮಾಲು ಹೋಗದಂತೆ, ಹೊಸ ಯೋಚನೆಯನ್ನು ಪರೀಕ್ಷಿಸಿ ನೋಡುವ ದಾರಿಯನ್ನು ಹೇಗೆ ಕಟ್ಟಬೇಕು ಎಂಬುದೇ ಇಲ್ಲಿನ ವಿಷಯ.

ಕಟ್ಟುಪಾಡು ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ನೆರವಾಗುತ್ತದೆ

ಮೇರಿ ಬೆನ್ನರ್ ಮತ್ತು ಮೈಕೆಲ್ ಟಷ್‌ಮನ್ ಅಮೆರಿಕದ ಫೋಟೊಗ್ರಫಿ ಮತ್ತು ಪೇಂಟ್ ಉದ್ಯಮಗಳ ಪೇಟೆಂಟ್‌ಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಐಎಸ್‌ಒ 9000 ಬಗೆಯ ಪ್ರಕ್ರಿಯಾ ನಿರ್ವಹಣೆ ಹೆಚ್ಚಿದಂತೆಲ್ಲ ಕಂಪನಿಗಳ ಹೊಸ ಪೇಟೆಂಟ್‌ಗಳಲ್ಲಿ, ತಮಗೆ ಈಗಾಗಲೇ ಗೊತ್ತಿದ್ದ ವಿದ್ಯೆಯ ಮೇಲೆ ಕಟ್ಟಿದವುಗಳ ಪಾಲು ಏರಿತ್ತು. ಇದ್ದದ್ದನ್ನು ಇನ್ನಷ್ಟು ಚೆನ್ನಾಗಿ ಮಾಡುವ ಕಡೆಗೆ ಸಂಸ್ಥೆ ವಾಲುತ್ತದೆ ಎಂಬುದು ಇದರ ಸಾರ. ತ್ರೀಎಂ ಕಂಪನಿಯಲ್ಲೂ ಇಂಥದ್ದೇ ಪ್ರಶ್ನೆ ಎದ್ದಿತ್ತು. ಜನರಲ್ ಎಲೆಕ್ಟ್ರಿಕ್‌ನಿಂದ ಬಂದ ಜೇಮ್ಸ್ ಮೆಕ್‌ನರ್ನಿ ಅಲ್ಲಿ ಮುಖ್ಯಸ್ಥರಾಗಿ ಸಿಕ್ಸ್ ಸಿಗ್ಮಾ (ಅಂಕಿಅಂಶಗಳ ಮೂಲಕ ದೋಷ ಮತ್ತು ಏರಿಳಿತವನ್ನು ಕಡಿಮೆ ಮಾಡುವ ಪದ್ಧತಿ) ತಂದರು. ವೆಚ್ಚ ಹಿಡಿತಕ್ಕೆ ಬಂತು. ಆದರೆ ಪ್ರಯೋಗಾಲಯದ ಸಂಶೋಧನೆಗೂ ಅದೇ ಅಳತೆಗೋಲು ಬಿದ್ದಾಗ ವಿಜ್ಞಾನಿಗಳು ಗೊಣಗಿದರು. ಅವರ ನಂತರ ಬಂದ ಜಾರ್ಜ್ ಬಕ್ಲಿ ಸಂಶೋಧನಾ ವಿಭಾಗದ ಮಟ್ಟಿಗೆ ಆ ಬಿಗಿಯನ್ನು ಸಡಿಲಿಸಿದರು.

ಟೊಯೋಟಾದ ಅನುಭವ ಬೇರೆ ದಿಕ್ಕಿನದು. ಕೈ ಎಲ್ಲಿಡಬೇಕು, ಎಷ್ಟು ಸೆಕೆಂಡಿನಲ್ಲಿ ತೆಗೆಯಬೇಕು ಎಂಬವರೆಗೆ ಕೆಲಸವನ್ನು ಬರೆದಿಡುವ ಕಂಪನಿ ಅದು. ಕಾರ್ಮಿಕರ ಸಲಹಾ ಯೋಜನೆಯನ್ನು 1951ರಿಂದ ನಡೆಸಿಕೊಂಡು ಬಂದಿರುವುದೂ ಅದೇ ಕಂಪನಿ. ಜನರಲ್ ಮೋಟರ್ಸ್ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 1984ರಲ್ಲಿ ಅದು ತೆರೆದ ನುಮ್ಮಿ ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡಿದದ್ದು ಕೆಲಸಗಾರರೇ. ತಮ್ಮ ಕೆಲಸದ ಕ್ರಮವನ್ನು ಅವರೇ ಬರೆದರು, ಅವರೇ ತಿದ್ದಿದರು. ಅಲ್ಲಿ ಅಧ್ಯಯನ ನಡೆಸಿದ ಪಾಲ್ ಆಡ್ಲರ್ ಮುಂದೆ ಕಟ್ಟುಪಾಡುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ಕೆಲಸಗಾರನ ಕೈ ಹಿಡಿಯುವಂಥವು ಮತ್ತು ಕೈ ಕಟ್ಟುವಂಥವು.

ಹಾಗಾಗಿ ನಿಮ್ಮ ಶಾಪ್‌ನಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳಿ. ವರ್ಕ್ ಇನ್‌ಸ್ಟ್ರಕ್ಷನ್ (ಕೆಲಸದ ಕ್ರಮ ಹೇಳುವ ಹಾಳೆ) ಬರೆದವರು ಯಾರು? ಅದರಲ್ಲಿ ಒಂದು ಸಾಲು ಬದಲಿಸಲು ಎಷ್ಟು ದಿನ ಬೇಕು? ಮೊದಲನೆಯದಕ್ಕೆ ‘ಕನ್ಸಲ್ಟೆಂಟ್’, ಎರಡನೆಯದಕ್ಕೆ ‘ಒಂದು ತಿಂಗಳು’ ಎಂಬ ಉತ್ತರ ಬಂದರೆ, ಯೋಚನೆ ನಿಂತಿರುವುದು ಅಲ್ಲೇ.

ಮೊದಲು: ಮಾನದಂಡ ಕೇಳದ ಕಾಗದವನ್ನು ತೆಗೆಯಿರಿ

ಎಷ್ಟೋ ಕಾರ್ಖಾನೆಗಳು ಇಂದಿಗೂ ಹಳೆಯ ಐಎಸ್‌ಒದ ಹೊರೆಯನ್ನೇ ಹೊತ್ತಿವೆ. 1994ರ ಆವೃತ್ತಿಯಲ್ಲಿ 20 ಅಂಶಗಳಿದ್ದವು, ಹೆಚ್ಚಿನವಕ್ಕೆ ಲಿಖಿತ ಕಾರ್ಯವಿಧಾನ ಬೇಕಿತ್ತು. 2000ದಲ್ಲಿ ಕಡ್ಡಾಯ ಕಾರ್ಯವಿಧಾನಗಳು 6ಕ್ಕೆ ಇಳಿದವು. 2015ರ ಆವೃತ್ತಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಕ್ವಾಲಿಟಿ ಮ್ಯಾನ್ಯುಅಲ್ ಕಡ್ಡಾಯವಲ್ಲ, ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೆಟಿವ್ ಎಂಬ ಹುದ್ದೆಯೂ ಕಡ್ಡಾಯವಲ್ಲ. ಎಷ್ಟು ದಾಖಲೆ ಬೇಕೆಂಬುದನ್ನು ಬಹುಮಟ್ಟಿಗೆ ಸಂಸ್ಥೆಯೇ ತೀರ್ಮಾನಿಸಬಹುದು. ಒಂದು ಎಚ್ಚರಿಕೆ: ವಾಹನ ಉದ್ಯಮದ ಐಎಟಿಎಫ್ 16949 ಇದ್ದವರಿಗೆ ಇಷ್ಟು ಸಲಿಗೆ ಇಲ್ಲ. ಅಲ್ಲಿ ಮ್ಯಾನ್ಯುಅಲ್ ಬೇಕೇ ಬೇಕು, ಹಲವು ಪ್ರಕ್ರಿಯೆಗಳನ್ನು ದಾಖಲಿಸಲೇಬೇಕು, ಗ್ರಾಹಕರ ಪ್ರತ್ಯೇಕ ಷರತ್ತುಗಳೂ ಸೇರುತ್ತವೆ.

ಇರುವ ಎಲ್ಲ ಫಾರ್ಮ್‌ಗಳನ್ನೂ ಮೇಜಿನ ಮೇಲೆ ಹರಡಿ. ಒಂದೊಂದರ ಮೇಲೂ ಬರೆಯಿರಿ: ಇದನ್ನು ಕೇಳುವವರು ಮಾನದಂಡವೋ, ಗ್ರಾಹಕರೋ, ಕಾನೂನೋ, ನಾವೇ ಉಪಯೋಗಿಸುತ್ತೇವೋ? ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ಆ ಫಾರ್ಮ್ ಹೋಗಲಿ. ಒಂದೇ ಅಳತೆಯನ್ನು ಸೆಟಪ್ ಶೀಟ್, ಗಂಟೆಗೊಮ್ಮೆಯ ತಪಾಸಣಾ ಪಟ್ಟಿ, ಶಿಫ್ಟ್ ವರದಿ ಹೀಗೆ ಮೂರು ಕಡೆ ಬರೆಸುವುದು ತೀರಾ ಸಾಮಾನ್ಯ. ಮೂರು ಕಡೆ ಬರೆಯಬೇಕಾದವನು ಮೂರನ್ನೂ ಶಿಫ್ಟ್ ಕೊನೆಗೆ ಒಟ್ಟಿಗೆ ತುಂಬುತ್ತಾನೆ, ಆಗ ಆ ಅಂಕಿಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಎರಡು: ಬೀಗ ಹಾಕಬೇಕಾದದ್ದನ್ನೂ ಬಿಡಬೇಕಾದದ್ದನ್ನೂ ಬೇರ್ಪಡಿಸಿ

ಇಡೀ ಕೆಲಸದ ಬುನಾದಿ ಈ ಹೆಜ್ಜೆ. ಒಂದು ಲೈನಿನ ಕಂಟ್ರೋಲ್ ಪ್ಲಾನ್ (ಯಾವ ಹಂತದಲ್ಲಿ ಏನನ್ನು, ಹೇಗೆ ಅಳೆದು ನಿಯಂತ್ರಿಸಬೇಕೆಂಬ ಪಟ್ಟಿ) ಪ್ರಿಂಟ್ ತೆಗೆದುಕೊಂಡು ಒಬ್ಬ ಅನುಭವಿ ಆಪರೇಟರ್, ಒಬ್ಬ ಸೂಪರ್‌ವೈಸರ್, ಒಬ್ಬ ಇನ್ಸ್‌ಪೆಕ್ಟರ್ ಅರ್ಧ ದಿನ ಮಷಿನ್ ಪಕ್ಕದಲ್ಲೇ ಕೂರಲಿ. ಮೀಟಿಂಗ್ ರೂಮಿನಲ್ಲಿ ಕೂತರೆ ಈ ಕೆಲಸ ಆಗುವುದಿಲ್ಲ. ಪ್ರತಿ ಸಾಲಿಗೂ ಎರಡು ಪ್ರಶ್ನೆ: ಇದು ಬದಲಾದರೆ ಪೆಟ್ಟು ಯಾರಿಗೆ? ಆ ಪೆಟ್ಟು ಮಾಲು ಗೇಟು ದಾಟುವ ಮೊದಲು ನಮ್ಮ ತಪಾಸಣೆಗೆ ಸಿಕ್ಕೇ ಸಿಗುತ್ತದೆಯೇ?

ತಪಾಸಣೆಗೆ ಸಿಗುವುದಿಲ್ಲ ಎನ್ನುವುದೆಲ್ಲ ಕೆಂಪು, ಅದಕ್ಕೆ ಬೀಗ. ಹೀಟ್ ಟ್ರೀಟ್‌ಮೆಂಟ್‌ನ ತಾಪಮಾನ ಮತ್ತು ಸಮಯ, ವೆಲ್ಡಿಂಗ್ ಕರೆಂಟ್, ಪ್ಲೇಟಿಂಗ್ ತೊಟ್ಟಿಯ ಸಾಂದ್ರತೆ ಇಲ್ಲಿ ಬರುತ್ತವೆ. ವೆಲ್ಡಿನ ಒಳಗಿನ ಬಲವನ್ನು ತುಂಡನ್ನು ಮುರಿಯದೆ ಪೂರ್ತಿ ಅಳೆಯಲಾಗದು. ಅದಕ್ಕೇ ಐಎಸ್‌ಒ 9001 ಇಂಥ ಪ್ರಕ್ರಿಯೆಗಳನ್ನು ಮೊದಲೇ ಪ್ರಮಾಣೀಕರಿಸಿ ಎನ್ನುತ್ತದೆ. ಗ್ರಾಹಕರು ಡ್ರಾಯಿಂಗ್‌ನಲ್ಲಿ ವಿಶೇಷ ಗುರುತು ಹಾಕಿದ ಅಳತೆಗಳೂ ಸುರಕ್ಷತೆಗೆ ಸಂಬಂಧಿಸಿದವೂ ಕೆಂಪೇ.

ಬದಲಾದರೂ ನಮ್ಮ ಗೇಜ್‌ಗೆ (ಅಳತೆ ಸಾಧನಕ್ಕೆ) ಸಿಗುತ್ತದೆ ಎನ್ನುವುದೆಲ್ಲ ಹಳದಿ: ಇನ್ಸರ್ಟ್‌ನ (ಬದಲಿಸಬಹುದಾದ ಕತ್ತರಿಸುವ ತುದಿಯ) ಆಯ್ಕೆ, ಕಟಿಂಗ್ ಕ್ರಮ, ಫೀಡ್ (ಒಂದು ಸುತ್ತಿಗೆ ಟೂಲ್ ಸಾಗುವ ಮಿ.ಮೀ.), ತುಂಡನ್ನು ಹಿಡಿಯುವ ಜಾಗಳ (ದವಡೆಗಳ) ಆಕಾರ. ಇಲ್ಲಿ ಒಂದು ಗಡಿ ಬರೆದು, ಅದರೊಳಗೆ ಆಪರೇಟರ್‌ಗೆ ಸ್ವಾತಂತ್ರ್ಯ ಕೊಡಿ. ‘ಫೀಡ್ 0.15’ ಎಂದು ಬರೆಯುವ ಬದಲು ‘0.12ರಿಂದ 0.18, ಸರ್ಫೇಸ್ ಫಿನಿಷ್ ಮಿತಿಯೊಳಗಿರಬೇಕು’ ಎಂದು ಬರೆದರೆ ಅವನು ಯೋಚಿಸಲು ಜಾಗ ಹುಟ್ಟುತ್ತದೆ. ಗಡಿ ದಾಟುವ ಆಸೆಯಾದರೆ ಮುಂದೆ ಹೇಳುವ ಪ್ರಯೋಗ ಚೀಟಿ ಇದೆ.

ಹಸಿರು ಎಂದರೆ ಪೂರ್ತಿ ಬಿಟ್ಟದ್ದು. ಟೂಲ್ ಟ್ರಾಲಿಯ ಜೋಡಣೆ, ಸೆಟ್ಟಿಂಗ್ ಬದಲಿಸುವಾಗಿನ ಓಡಾಟ, ಬಿನ್‌ಗಳ ಜಾಗ, ಡೀಬರಿಂಗ್‌ಗೆ (ಅಂಚಿನ ಚೂಪು ತೆಗೆಯಲು) ಬೇಕಾದ ಸಣ್ಣ ಕೈಸಾಧನ. ಇವಕ್ಕೆ ಸಹಿ ಕೇಳಬೇಡಿ.

ಮೊದಲ ಸಲ ಬಣ್ಣ ಹಚ್ಚಿದಾಗ ಬಹುಪಾಲು ಕಡೆ ಎಲ್ಲವೂ ಕೆಂಪೇ ಆಗುತ್ತದೆ. ‘ಇರಲಿ ಬಿಡಿ, ಯಾಕೆ ರಿಸ್ಕ್’ ಎಂಬ ಭಯ ಅದರ ಹಿಂದಿರುತ್ತದೆ. ಮೇಲಿನ ಎರಡನೇ ಪ್ರಶ್ನೆಯನ್ನು ಪಟ್ಟು ಹಿಡಿದು ಮತ್ತೆ ಕೇಳಿ. ಗೇಜ್‌ಗೆ ಸಿಗುವುದನ್ನು ಕೆಂಪಿನಲ್ಲಿ ಇಟ್ಟರೆ ನಿಜವಾದ ಕೆಂಪಿಗೆ ಬೆಲೆ ಇಲ್ಲದಂತಾಗುತ್ತದೆ.

ಮೂರು: ವರ್ಕ್ ಇನ್‌ಸ್ಟ್ರಕ್ಷನ್‌ಗೆ ‘ಯಾಕೆ’ ಸೇರಿಸಿ

ಒಂದು ಆಪರೇಷನ್‌ಗೆ ಒಂದೇ ಹಾಳೆ, ದೊಡ್ಡ ಫೋಟೊಗಳು, ಕೆಲಸಗಾರರು ಓದುವ ಭಾಷೆ. ಮೂರು ಅಂಕಣ: ಏನು ಮಾಡಬೇಕು, ಎಷ್ಟು, ಯಾಕೆ. ಮೂರನೆಯದೇ ಮುಖ್ಯ. ಕಾರಣ ಗೊತ್ತಿಲ್ಲದ ನಿಯಮವನ್ನು ಒಬ್ಬ ಕಣ್ಣು ಮುಚ್ಚಿ ಪಾಲಿಸುತ್ತಾನೆ, ಇನ್ನೊಬ್ಬ ಕದ್ದು ಮುರಿಯುತ್ತಾನೆ. ಅದನ್ನು ಉತ್ತಮಪಡಿಸುವುದು ಇಬ್ಬರಿಂದಲೂ ಆಗದು.

ಉದಾಹರಣೆಗೆ ಕೂಲಂಟ್, ಅಂದರೆ ಕತ್ತರಿಸುವಾಗ ಸುರಿಯುವ, ನೀರಿಗೆ ಎಣ್ಣೆ ಬೆರೆಸಿದ ದ್ರವ. ‘ಸಾಂದ್ರತೆ 6–8%’ ಎಂದಷ್ಟೇ ಬರೆದಿರುತ್ತದೆ. ಪಕ್ಕದಲ್ಲಿ ‘ಕಡಿಮೆಯಾದರೆ ತುಂಡಿಗೆ ತುಕ್ಕು, ಹೆಚ್ಚಾದರೆ ನೊರೆ ಮತ್ತು ಕೈ ಚರ್ಮಕ್ಕೆ ಉರಿ’ ಎಂದು ಸೇರಿಸಿ. ಇನ್ನೊಂದು ಸಾಲೂ ಬೇಕು: ಸಾಂದ್ರತೆ ನೋಡುವ ರಿಫ್ರಾಕ್ಟೋಮೀಟರ್ ತೋರಿಸಿದ ಅಂಕಿಯನ್ನು ಎಣ್ಣೆ ತಯಾರಕರು ಕೊಟ್ಟ ಗುಣಾಂಕದಿಂದ ಗುಣಿಸಿದರೆ ಮಾತ್ರ ನಿಜವಾದ ಸಾಂದ್ರತೆ. ಗುಣಾಂಕ 1.5 ಇರುವ ಎಣ್ಣೆಯಲ್ಲಿ ಓದು 5 ಬಂದರೆ ಸಾಂದ್ರತೆ 7.5%. ಇದು ಗೊತ್ತಿಲ್ಲದವನು 5 ಎಂದು ತಿಳಿದು ಇನ್ನಷ್ಟು ಎಣ್ಣೆ ಸುರಿಯುತ್ತಾನೆ. ಗೊತ್ತಿರುವವನು ‘ರಾತ್ರಿ ಪಾಳಿಯಲ್ಲಿ ಬರೀ ನೀರು ತುಂಬುತ್ತಾರೆ, ಮಿಶ್ರಣವನ್ನೇ ಡ್ರಮ್ಮಿನಲ್ಲಿ ಮಾಡಿ ಇಡೋಣ’ ಎಂದು ತಾನೇ ಹೇಳುತ್ತಾನೆ.

ಕರಡು ಬರೆಯುವವನು ಆ ಮಷಿನ್ ನಡೆಸುವವನೇ ಆಗಿರಲಿ. ಬರೆಯಲು ಹಿಂಜರಿದರೆ ಬಾಯಲ್ಲಿ ಹೇಳಲಿ, ಸೂಪರ್‌ವೈಸರ್ ಬರೆದುಕೊಳ್ಳಲಿ. ಆಮೇಲೆ ಬೇರೆ ಪಾಳಿಯವನ ಕೈಗೆ ಹಾಳೆ ಕೊಟ್ಟು, ಅದರ ಪ್ರಕಾರವೇ ಒಂದು ಸೆಟ್ಟಿಂಗ್ ಮಾಡಿಸಿ. ಅವನು ಎಲ್ಲಿ ನಿಲ್ಲುತ್ತಾನೋ ಅಲ್ಲಿ ಬರಹ ಸಾಲದು.

ನಾಲ್ಕು: ಪ್ರಯೋಗಕ್ಕೊಂದು ಕಾನೂನುಬದ್ಧ ದಾರಿ

ಪ್ರಯೋಗಕ್ಕೆ ದಾರಿ ಇಲ್ಲದ ಕಡೆ ಪ್ರಯೋಗ ನಿಲ್ಲುವುದಿಲ್ಲ, ರಾತ್ರಿ ಪಾಳಿಗೆ ಹೋಗುತ್ತದೆ. ಯಾರಿಗೂ ಹೇಳದೆ ಆಫ್‌ಸೆಟ್ (ಟೂಲ್‌ನ ಸ್ಥಾನ ತಿದ್ದುವ ಅಂಕಿ) ಬದಲಿಸಿ, ಮಾಲನ್ನು ಉಳಿದದ್ದರ ಜೊತೆ ಸೇರಿಸಿಬಿಡುವುದು ಗುಣಮಟ್ಟಕ್ಕೆ ದೊಡ್ಡ ಅಪಾಯ. ಹಾಗಾಗಿ ಪ್ರಯೋಗವನ್ನು ಬೆಳಕಿಗೆ ತರಬೇಕು. ಅದಕ್ಕೆ ಅರ್ಧ ಪುಟದ ಪ್ರಯೋಗ ಚೀಟಿ ಸಾಕು: ಏನು ಬದಲಾಗುತ್ತದೆ, ಏನು ಬದಲಾಗಬಾರದು, ಎಷ್ಟು ತುಂಡು, ಯಾವ ಗೇಜ್, ಏನಾದರೆ ತಕ್ಷಣ ನಿಲ್ಲಿಸಬೇಕು. ಸಹಿ ಸೂಪರ್‌ವೈಸರ್‌ದು ಮತ್ತು ಇನ್ಸ್‌ಪೆಕ್ಟರ್‌ದು, ಅವಧಿ ಒಂದು ಪಾಳಿ. ಮ್ಯಾನೇಜರ್ ಸಹಿ ಬೇಕೆಂದರೆ ಈ ಚೀಟಿಯೂ ಸತ್ತಂತೆಯೇ.

ಒಂದು ಪ್ರಯೋಗವನ್ನು ಪೂರ್ತಿ ನೋಡೋಣ. ತೆಳು ಗೋಡೆಯ ಉಕ್ಕಿನ ಬುಷ್ (ಶಾಫ್ಟ್ ಕೂರುವ ಟೊಳ್ಳು ತುಂಡು), ಬೋರ್ (ಒಳರಂಧ್ರ) 45 ಎಚ್7, ಅಂದರೆ 45.000ರಿಂದ 45.025 ಮಿ.ಮೀ. ಗೋಡೆ 3 ಮಿ.ಮೀ. ಸಿಎನ್‌ಸಿ ಲೇತ್‌ನ ಮೂರು ಜಾ ಚಕ್‌ನಲ್ಲಿ ಹಿಡಿದು ಬೋರ್ ಮಾಡುತ್ತಾರೆ. ನಮ್ಮ ತಪಾಸಣೆಯಲ್ಲಿ ಎಲ್ಲ ತುಂಡೂ ಸರಿ. ಗ್ರಾಹಕರ ಕಡೆ ಮಾತ್ರ ಆಗಾಗ ಶಾಫ್ಟ್ ಬಿಗಿಯಾಗಿ ಕೂರುತ್ತದೆ ಎಂಬ ದೂರು. ಆಪರೇಟರ್ ಹೇಳುತ್ತಾನೆ: ‘ಜಾ ಒತ್ತಿ ತುಂಡು ಅದುಮ್ತಿದೆ. ಅಗಲದ ಸಾಫ್ಟ್ ಜಾ ಮಾಡಿ ಸುತ್ತಲೂ ಅಪ್ಪಿಕೊಳ್ಳೋ ಹಾಗೆ ಹಿಡಿದ್ರೆ ಸರಿ ಹೋಗುತ್ತೆ.’

ಅವನು ಹೇಳಿದ್ದು ಸರಿ. ಮೂರು ಕಡೆ ಅದುಮಿದ ತೆಳು ಬುಷ್ ಚಕ್‌ನಲ್ಲಿ ಮೂರು ಮೂಲೆಯಾಗಿ ಬಾಗಿರುತ್ತದೆ. ಆ ಸ್ಥಿತಿಯಲ್ಲಿ ಗುಂಡಗೆ ಬೋರ್ ಮಾಡಿ ಜಾ ಬಿಟ್ಟರೆ ಹೊರಮೈ ಗುಂಡಗಾಗುತ್ತದೆ, ಬೋರ್ ಮೂರು ಉಬ್ಬಿನದಾಗುತ್ತದೆ. ಈ ಆಕಾರ ಸಾಮಾನ್ಯ ಎರಡು ಬಿಂದುವಿನ ಬೋರ್ ಗೇಜ್‌ಗೆ ಕಾಣುವುದೇ ಇಲ್ಲ. ಒಂದು ಕಡೆ ಉಬ್ಬಿದ್ದರೆ ಸರಿಯಾಗಿ ಎದುರಿನಲ್ಲಿ ತಗ್ಗು ಇರುತ್ತದೆ. ಗೇಜನ್ನು ಎಷ್ಟು ತಿರುಗಿಸಿದರೂ ವ್ಯಾಸ ಒಂದೇ.

ಎಷ್ಟೋ ಒಳ್ಳೆಯ ಯೋಚನೆಗಳು ಸೋಲುವುದು ಇಲ್ಲೇ. ಕಂಟ್ರೋಲ್ ಪ್ಲಾನ್‌ನಲ್ಲಿರುವ ಎರಡು ಬಿಂದುವಿನ ಗೇಜ್‌ನಲ್ಲೇ ಹಳೆಯ ಜಾ, ಹೊಸ ಜಾ ಎರಡನ್ನೂ ಅಳೆದರೆ ವ್ಯತ್ಯಾಸವೇ ಸಿಗದು. ‘ಪ್ರಯೋಗದಿಂದ ಲಾಭವಿಲ್ಲ’ ಎಂದು ಷರಾ ಬರೆದು ಫೈಲ್ ಮುಚ್ಚುತ್ತಾರೆ, ಆಪರೇಟರ್ ಇನ್ನೆಂದೂ ಬಾಯಿ ಬಿಡುವುದಿಲ್ಲ. ಹಾಗಾಗಿ ಚೀಟಿಯಲ್ಲಿ ಮೊದಲು ತುಂಬಬೇಕಾದ ಜಾಗ ‘ಯಾವ ಗೇಜ್’ ಎಂಬುದು. ಈ ಬದಲಾವಣೆ ತರುವ ವ್ಯತ್ಯಾಸವನ್ನು ನಮ್ಮ ಸಾಧನ ಕಾಣಬಲ್ಲದೇ? ಇಲ್ಲಿ ಮೂರು ಬಿಂದುವಿನ ಬೋರ್ ಗೇಜ್ ಬೇಕು. ಒಮ್ಮೆ ಓದಿ, 60 ಡಿಗ್ರಿ ತಿರುಗಿಸಿ ಮತ್ತೆ ಓದಿ, ನಡುವೆಯೂ ಒಂದೆರಡು ಕಡೆ ಓದಿ. ಗರಿಷ್ಠ ಮತ್ತು ಕನಿಷ್ಠ ಓದುಗಳ ವ್ಯತ್ಯಾಸದ ಸುಮಾರು ಅರ್ಧದಷ್ಟು ವೃತ್ತಾಕಾರದ ದೋಷ. ಗೇಜ್ ಇಲ್ಲದಿದ್ದರೆ ನಾಲ್ಕಾರು ತುಂಡನ್ನು ಹೊರಗಿನ ಪ್ರಯೋಗಾಲಯದ ರೌಂಡ್‌ನೆಸ್ ಟೆಸ್ಟರ್‌ನಲ್ಲಿ ನೋಡಿಸಿ. ಗೇಜ್ ಆರ್ ಅಂಡ್ ಆರ್ (ಅಳತೆಯಲ್ಲೇ ಇರುವ ಏರಿಳಿತದ ಪಾಲು) 30%ಕ್ಕಿಂತ ಹೆಚ್ಚಿರುವ ಸಾಧನದಲ್ಲಿ ಯಾವ ಪ್ರಯೋಗವನ್ನೂ ತೀರ್ಮಾನಿಸಬೇಡಿ.

ತುಂಡುಗಳ ಕ್ರಮ ಹೀಗಿರಲಿ: ಹಳೆಯ ಜಾದಲ್ಲಿ 15, ಹೊಸದರಲ್ಲಿ 30, ಮತ್ತೆ ಹಳೆಯದರಲ್ಲಿ 15. ಕೊನೆಯ 15 ಅನಗತ್ಯ ಎನಿಸಬಹುದು, ಆದರೆ ಮಧ್ಯೆ ಮಷಿನ್ ಬಿಸಿಯಾದದ್ದರಿಂದ ವ್ಯತ್ಯಾಸ ಬಂತೋ ಜಾದಿಂದ ಬಂತೋ ಎಂದು ಹೇಳಬಲ್ಲದ್ದು ಅದೊಂದೇ. ಪ್ರತಿ ಹಂತವನ್ನೂ ಇನ್ಸರ್ಟಿನ ಹೊಸ ಅಂಚಿನಿಂದ ಶುರು ಮಾಡಿ, ಪ್ರತಿ ಸಲ ಜಾ ಕಟ್ಟಿದ ಮೇಲೂ ಸಾಫ್ಟ್ ಜಾಗಳನ್ನು ಚಕ್‌ನ ಮೇಲೆಯೇ ಬುಷ್‌ನ ಹೊರವ್ಯಾಸಕ್ಕೆ ಬೋರ್ ಮಾಡಿಕೊಳ್ಳಿ. ತುಂಡುಗಳಿಗೆ ಮಾರ್ಕರ್‌ನಲ್ಲಿ ಕ್ರಮಸಂಖ್ಯೆ ಹಾಕಿ, ಹಳದಿ ಬಿನ್‌ನಲ್ಲಿ ಬೇರೆಯಾಗಿಡಿ. ಅಳೆಯುವ ಮೊದಲು ತಣಿಯಲು ಬಿಡಿ. 45 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿ ಇದ್ದರೆ ಸುಮಾರು 5 ಮೈಕ್ರಾನ್ ಹಿಗ್ಗಿರುತ್ತದೆ, ನಮ್ಮ ಒಟ್ಟು ಟಾಲರೆನ್ಸ್ 25 ಮೈಕ್ರಾನ್ ಮಾತ್ರ.

ಒಂದು ಪ್ರಯೋಗಕ್ಕೆ ಒಂದೇ ಬದಲಾವಣೆ. ಜಾ ಬದಲಿಸುವಾಗಲೇ ‘ಚಕ್ ಒತ್ತಡವನ್ನೂ ಇಳಿಸಿ ನೋಡೋಣ’ ಎಂಬ ಆಸೆ ಹುಟ್ಟುತ್ತದೆ. ಎರಡೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಒತ್ತಡ ಇಳಿಸುವುದರಲ್ಲಿ ಜೀವಕ್ಕೂ ಅಪಾಯವಿದೆ: ವೇಗ ಹೆಚ್ಚಿದಂತೆ ಅಪಕೇಂದ್ರ ಬಲದಿಂದ ಜಾಗಳ ಹಿಡಿತ ತಾನಾಗಿಯೇ ಸಡಿಲವಾಗುತ್ತದೆ, ತುಂಡು ಹಾರಬಹುದು. ಅಗಲದ ಜಾಗಳು ಮಾಮೂಲಿನವಕ್ಕಿಂತ ಭಾರ, ಆದ್ದರಿಂದ ಚಕ್ ತಯಾರಕರು ಕೊಟ್ಟ ವೇಗ-ಒತ್ತಡದ ಮಿತಿಯನ್ನು ಪ್ರಯೋಗಕ್ಕೆ ಮೊದಲು ನೋಡಲೇಬೇಕು. ಸುರಕ್ಷತೆಯ ವಿಷಯ ಯಾವಾಗಲೂ ಕೆಂಪು, ಅರ್ಧ ಪುಟದ ಚೀಟಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲ.

ಪ್ರಯೋಗದ ಮಾಲನ್ನು ಕಳಿಸಬಹುದೇ? ವಾಹನ ಉದ್ಯಮದ ಗ್ರಾಹಕರಾದರೆ ಪಿಪಿಎಪಿ (ಬಿಡಿಭಾಗದ ತಯಾರಿಕೆಗೆ ಗ್ರಾಹಕರ ಒಪ್ಪಿಗೆ ಪಡೆಯುವ ವಿಧಾನ) ನೆನಪಿರಲಿ. ಒಮ್ಮೆ ಒಪ್ಪಿಗೆ ಪಡೆದ ಪ್ರಕ್ರಿಯೆಯಲ್ಲಿ ಹೊಸ ಟೂಲಿಂಗ್, ಸ್ಥಳಾಂತರ, ಸಾಮಗ್ರಿಯ ಬದಲಾವಣೆ ಆದರೆ ಗ್ರಾಹಕರಿಗೆ ಮೊದಲೇ ತಿಳಿಸಬೇಕು. ಇನ್ಸರ್ಟ್‌ನಂಥ ಸವೆಯುವ ಟೂಲ್‌ಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ, ಆದರೂ ಪ್ರತಿ ಗ್ರಾಹಕರ ಕೈಪಿಡಿ ಬೇರೆ. ಜಾ ಬದಲಾವಣೆಯ ಬಗ್ಗೆ ಅವರ ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್‌ಗೆ ಅಳತೆಗಳ ಸಮೇತ ಒಂದು ಇಮೇಲ್ ಬರೆಯಿರಿ. ಲಿಖಿತ ಉತ್ತರ ಬರುವವರೆಗೆ ಹಳದಿ ಬಿನ್ ಅಲ್ಲೇ ಇರಲಿ.

ಕೊನೆಯದು, ಬಹಳ ಮುಖ್ಯವಾದದ್ದು: ಪ್ರಯೋಗದಲ್ಲಿ ಹಾಳಾದ ತುಂಡುಗಳಿಗೆ ಬೇರೆ ಸ್ಕ್ರ್ಯಾಪ್ ಕೋಡ್ ಕೊಡಿ. ಅವನ್ನು ಲೈನಿನ ತಿಂಗಳ ರಿಜೆಕ್ಷನ್‌ಗೆ ಸೇರಿಸಿದರೆ, ಇನ್ಸೆಂಟಿವ್ ಹೋಗುವ ಭಯಕ್ಕೆ ಯಾವ ಸೂಪರ್‌ವೈಸರ್ ಕೂಡ ಚೀಟಿಗೆ ಸಹಿ ಹಾಕುವುದಿಲ್ಲ. ತಿಂಗಳಿಗೆ ಇಷ್ಟು ಎಂದು ಪ್ರಯೋಗದ ಸ್ಕ್ರ್ಯಾಪ್‌ಗೆ ಮಿತಿ ಇಡಿ. ಮಿತಿಯೊಳಗೆ ಯಾರೂ ಪ್ರಶ್ನಿಸಬಾರದು.

ಐದು: ಸಲಹೆಗೆ ಉತ್ತರ ಕೊಡಿ, ಬೇಗ ಕೊಡಿ

ಸಲಹಾ ಪೆಟ್ಟಿಗೆ ಧೂಳು ಹಿಡಿಯುವುದು ಯೋಚನೆಗಳ ಬರದಿಂದಲ್ಲ, ಉತ್ತರದ ಬರದಿಂದ. ಮರುದಿನದೊಳಗೆ ‘ನೋಡಿದೆ’ ಎಂಬ ಮಾತು, ಏಳು ದಿನದೊಳಗೆ ತೀರ್ಮಾನ. ಹಸಿರಿನದಾದರೆ ‘ಮಾಡು’. ಹಳದಿಯದಾದರೆ ಪ್ರಯೋಗ ಚೀಟಿ. ಕೆಂಪಿನದಾದರೆ ಎಂಜಿನಿಯರಿಂಗ್ ವಿಭಾಗಕ್ಕೆ, ಯಾರು ನೋಡುತ್ತಿದ್ದಾರೆ ಎಂಬ ಹೆಸರಿನೊಂದಿಗೆ. ಬೇಡ ಎಂದಾದರೆ ಕಾರಣವನ್ನು ಎದುರು ನಿಂತು ಹೇಳಬೇಕು. ಸರಿಯಾದ ಕಾರಣ ಕೇಳಿದವನು ತನ್ನ ಯೋಚನೆಯನ್ನು ತಿದ್ದಿಕೊಂಡು ಮತ್ತೆ ಬರುತ್ತಾನೆ.

ಇಂಗ್ಲಿಷಿನ ಫಾರ್ಮ್ ಇಟ್ಟು ಸಲಹೆ ಬರಲಿಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಪೀಣ್ಯದ ಒಂದೇ ಶೆಡ್‌ನಲ್ಲಿ ಕನ್ನಡ, ಹಿಂದಿ, ತಮಿಳು, ಒಡಿಯಾ ಮಾತಾಡುವವರು ಇರಬಹುದು. ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ, ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು. ಗುತ್ತಿಗೆ ಕಾರ್ಮಿಕರನ್ನು ಸಲಹಾ ಯೋಜನೆಯಿಂದ ಹೊರಗಿಡುವ ಪದ್ಧತಿಯನ್ನಂತೂ ಇವತ್ತೇ ನಿಲ್ಲಿಸಿ. ಮಷಿನ್ ಮುಂದೆ ಎಂಟು ಗಂಟೆ ನಿಲ್ಲುವವರು ಬಹುಪಾಲು ಅವರೇ.

ಬಹುಮಾನದ ವಿಷಯದಲ್ಲಿ ಎಚ್ಚರ. ಉಳಿತಾಯದ ಶೇಕಡಾವಾರು ಕೊಡುತ್ತೇವೆ ಎಂದರೆ ಲೆಕ್ಕದ ಜಗಳ ಶುರುವಾಗುತ್ತದೆ, ‘ಯೋಚನೆ ಯಾರದು’ ಎಂಬ ತಕರಾರು ಏಳುತ್ತದೆ, ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಬಿಡುತ್ತಾರೆ. ಜಾರಿಗೆ ಬಂದ ಪ್ರತಿ ಸಲಹೆಗೂ ಒಂದೇ ಸಣ್ಣ ಮೊತ್ತ, ಹಾಳೆಯ ಮೇಲೆ ಸಲಹೆ ಕೊಟ್ಟವರ ಹೆಸರು: ಇದು ಹೆಚ್ಚು ಕಾಲ ಬಾಳುತ್ತದೆ. ‘ತಿಂಗಳಿಗೆ ತಲಾ ಎರಡು ಸಲಹೆ’ ಎಂಬ ಗುರಿಯೂ ಬೇಡ. ಗುರಿ ಮುಟ್ಟಲು ‘ಇಲ್ಲೊಂದು ಬೋರ್ಡ್ ಹಾಕಿ’ ಎಂಬಂಥವೇ ಬರುತ್ತವೆ.

ಕ್ವಾಲಿಟಿ ಸರ್ಕಲ್‌ಗಳು (ಕೆಲಸಗಾರರೇ ಸೇರಿ ಸಮಸ್ಯೆ ಬಿಡಿಸುವ ಸಣ್ಣ ಗುಂಪುಗಳು) ಜಪಾನಿನಲ್ಲಿ 1962ರಲ್ಲಿ ಶುರುವಾಗಿ, 1980ರ ದಶಕದ ಆರಂಭದಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ನಮ್ಮ ದೇಶದಲ್ಲಿ ಬೇರೂರಿದವು. ಒಳ್ಳೆಯ ಸಾಧನವೇ. ಆದರೆ ಸ್ಪರ್ಧೆಯ ತಾರೀಖು ನೋಡಿಕೊಂಡು, ಉತ್ತರ ಮೊದಲೇ ಗೊತ್ತಿರುವ ಸಮಸ್ಯೆ ಆರಿಸಿ, ಸ್ಲೈಡ್‌ಗಳಿಗೇ ವಾರಗಟ್ಟಲೆ ಕೊಡುವ ಅಭ್ಯಾಸ ಬೆಳೆದಿದ್ದರೆ ಅದನ್ನು ಬಿಡಿಸಿ.

ಆರು: ಗೆದ್ದ ಪ್ರಯೋಗ ಹಾಳೆಗೆ ಬರಲಿ

ಪ್ರಯೋಗ ಗೆದ್ದ ದಿನವೇ ಸೂಪರ್‌ವೈಸರ್ ವರ್ಕ್ ಇನ್‌ಸ್ಟ್ರಕ್ಷನ್ ಮೇಲೆ ಪೆನ್ನಿನಲ್ಲಿ ತಿದ್ದಿ, ಸಹಿ, ತಾರೀಖು ಹಾಕಲಿ. ಹತ್ತು ದಿನದೊಳಗೆ ಹೊಸ ರಿವಿಜನ್ ಪ್ರಿಂಟ್ ಬರಬೇಕು. ಪೆನ್ನಿನ ತಿದ್ದುಪಡಿ ಐಎಸ್‌ಒಗೆ ವಿರುದ್ಧ ಎಂಬ ನಂಬಿಕೆ ಇದೆ. ಮಾನದಂಡ ಕೇಳುವುದು ಬದಲಾವಣೆಯ ಮೇಲೆ ನಿಯಂತ್ರಣ, ಅದು ಹೇಗೆಂಬುದು ನಿಮ್ಮ ಆಯ್ಕೆ. ಯಾರು ತಿದ್ದಬಹುದು, ಎಷ್ಟು ದಿನ ಸಿಂಧು ಎಂಬುದನ್ನು ನಿಮ್ಮ ದಾಖಲೆ ನಿಯಂತ್ರಣದ ಕಾರ್ಯವಿಧಾನದಲ್ಲಿ ಬರೆದಿಡಿ.

ಒಂದು ಹಾಳೆ ಬದಲಾದರೆ ಜೊತೆಗೆ ಪ್ರೋಸೆಸ್ ಫ್ಲೋ, ಪಿಎಫ್‌ಎಂಇಎ (ಪ್ರಕ್ರಿಯೆ ಎಲ್ಲಿ, ಹೇಗೆ ತಪ್ಪಬಹುದೆಂಬ ವಿಶ್ಲೇಷಣೆ), ಕಂಟ್ರೋಲ್ ಪ್ಲಾನ್ ಮೂರನ್ನೂ ನೋಡಬೇಕು. ಬುಷ್‌ನ ಉದಾಹರಣೆಯಲ್ಲಿ ಜಾದ ಫೋಟೊ ಬದಲಿಸಿ, ಕಂಟ್ರೋಲ್ ಪ್ಲಾನ್‌ನಲ್ಲಿ ಹಳೆಯ ಗೇಜನ್ನೇ ಉಳಿಸಿದರೆ ಅದೇ ದೋಷ ಮುಂದೆ ಯಾರ ಕಣ್ಣಿಗೂ ಬೀಳದೆ ಮರಳಬಹುದು. ಎರಡನೇ, ಮೂರನೇ ಪಾಳಿಯವರಿಗೆ ಮಷಿನ್ ಬಳಿಯೇ ತೋರಿಸಿ. ನೋಟಿಸ್ ಬೋರ್ಡಿನ ಕಾಗದ ತರಬೇತಿಯಾಗದು.

ಏಳು: ಹೊಸ ಉತ್ಪನ್ನಕ್ಕೆ ಬೇರೆ ಅಳತೆ

ಇದುವರೆಗೆ ಹೇಳಿದ್ದು ಇರುವ ಕೆಲಸವನ್ನು ಉತ್ತಮಪಡಿಸುವ ಬಗ್ಗೆ. ಇನ್ನೂ ಇಲ್ಲದ್ದನ್ನು ಹುಟ್ಟಿಸುವ ಕೆಲಸಕ್ಕೆ ಇದೇ ಅಳತೆ ಹಾಕಬಾರದು. ಸಿಕ್ಸ್ ಸಿಗ್ಮಾದ ಮಾಮೂಲಿ ಕ್ರಮದಲ್ಲಿ ಸಮಸ್ಯೆಯನ್ನು ಗುರುತಿಸಿದ ಕೂಡಲೇ ಬರುವುದು ಈಗಿನ ಸ್ಥಿತಿಯನ್ನು ಅಳೆಯುವ ಹಂತ. ಇನ್ನೂ ಹುಟ್ಟದ ಉತ್ಪನ್ನದಲ್ಲಿ ಅಳೆಯಲು ಏನಿದೆ?

ಐಎಸ್‌ಒ 9001ರ ಕಲಂ 8.3 ವಿನ್ಯಾಸಕ್ಕೆ ಹಂತಗಳನ್ನೂ ವಿಮರ್ಶೆಯನ್ನೂ ಕೇಳುತ್ತದೆ. ಎಷ್ಟು ಹಂತ, ಎಷ್ಟು ಬಿಗಿ ಎಂಬುದನ್ನು ನಿಮಗೇ ಬಿಟ್ಟಿದೆ. ಡಿಸೈನ್ ಫ್ರೀಜ್‌ಗೆ (ವಿನ್ಯಾಸ ಅಂತಿಮವಾಗುವುದಕ್ಕೆ) ಮುಂಚೆ ಒಂದು ನೋಟ್‌ಬುಕ್ ಸಾಕು: ತಾರೀಖು, ಏನು ಮಾಡಿದೆವು, ಏನು ಕಂಡಿತು. ಈ ಹಂತದಲ್ಲಿ ಖರ್ಚಿಗೊಂದು ಮಿತಿ, ಗಡುವಿಗೊಂದು ದಿನ ಇಡಿ, ಲಾಭದ ಲೆಕ್ಕ ಕೇಳಬೇಡಿ. ಫ್ರೀಜ್ ಆದ ಮೇಲೆ ಪ್ರತಿ ಬದಲಾವಣೆಗೂ ಚೇಂಜ್ ನೋಟ್, ಯಾವ ರಿಯಾಯಿತಿಯೂ ಇಲ್ಲದೆ. ಅನೇಕ ಕಡೆ ಇದು ತಿರುವುಮುರುವಾಗಿರುತ್ತದೆ. ಶುರುವಿನಲ್ಲೇ ಹತ್ತು ಸಹಿ ಕೇಳುತ್ತಾರೆ, ಕೊನೆಗೆ ಗ್ರಾಹಕರ ಅವಸರಕ್ಕೆ ಬಾಯಿಮಾತಿನಲ್ಲಿ ಡ್ರಾಯಿಂಗ್ ತಿದ್ದುತ್ತಾರೆ.

ಸಮಯವನ್ನೂ ಎತ್ತಿಡಬೇಕು. ತ್ರೀಎಂನ ತಾಂತ್ರಿಕ ಸಿಬ್ಬಂದಿ ತಮ್ಮ ಸಮಯದ 15%ರಷ್ಟನ್ನು ಸ್ವಂತ ಯೋಚನೆಗಳಿಗೆ ಬಳಸಬಹುದೆಂಬ ಪದ್ಧತಿ ಪ್ರಸಿದ್ಧ. ಸಣ್ಣ ಶಾಪ್‌ಗೆ ಅಷ್ಟು ಕಷ್ಟ. ಟೂಲ್‌ರೂಮಿನ ಒಂದು ಹಳೆಯ ಮಷಿನ್, ವಾರಕ್ಕೆ ಅರ್ಧ ಪಾಳಿ, ಇಬ್ಬರು: ಅಷ್ಟಾದರೂ ಪ್ಲಾನಿಂಗ್ ಶೀಟ್‌ನಲ್ಲಿ ಬರೆದಿರಲಿ. ಬಾಟಲ್‌ನೆಕ್ (ಉಳಿದ ಕೆಲಸವೆಲ್ಲ ಕಾಯಬೇಕಾದ ಇಕ್ಕಟ್ಟು) ಆಗಿರುವ ಮಷಿನನ್ನು ಮಾತ್ರ ಆರಿಸಬೇಡಿ, ಮೊದಲ ಅರ್ಜೆಂಟ್ ಆರ್ಡರ್‌ಗೇ ಆ ಸಮಯ ಹೊರಟುಹೋಗುತ್ತದೆ. ದೊಡ್ಡ ಮಟ್ಟದಲ್ಲಿ ಮಾಡಬೇಕೆನ್ನುವವರಿಗೆ ನಾವೀನ್ಯ ನಿರ್ವಹಣೆಗೆಂದೇ 2024ರಲ್ಲಿ ಬಂದ ಐಎಸ್‌ಒ 56001 ಇದೆ. ಆದರೆ ಮೇಲಿನ ಹೆಜ್ಜೆಗಳು ಕೂರದೆ ಇನ್ನೊಂದು ಪ್ರಮಾಣಪತ್ರಕ್ಕೆ ಓಡುವುದು ಸರಿಯಲ್ಲ.

ಎಂಟು: ಆಡಿಟ್‌ನ ಪ್ರಶ್ನೆ ಬದಲಿಸಿ

ಒಳ ಆಡಿಟ್‌ನಲ್ಲಿ ‘ಹಾಳೆಯ ಪ್ರಕಾರ ಮಾಡುತ್ತಿದ್ದೀರಾ?’ ಎಂಬ ಪ್ರಶ್ನೆ ಇರಲೇಬೇಕು. ಜೊತೆಗೆ ಇನ್ನೆರಡು ಸೇರಿಸಿ: ಈ ಹಾಳೆ ಕೊನೆಗೆ ಬದಲಾದದ್ದು ಯಾವಾಗ, ಯಾರ ಮಾತಿನಿಂದ? ಹಾಳೆಗೂ ಕೆಲಸಕ್ಕೂ ವ್ಯತ್ಯಾಸವಿದ್ದರೆ ಯಾವುದು ಒಳ್ಳೆಯದು? ಆಪರೇಟರ್ ಬೇರೆ ರೀತಿ ಮಾಡುತ್ತಿದ್ದಾನೆ ಎಂದರೆ ಕೆಲವೊಮ್ಮೆ ಅವನು ಶಿಸ್ತು ತಪ್ಪಿದ್ದಾನೆ, ಕೆಲವೊಮ್ಮೆ ಹಾಳೆಗಿಂತ ಮುಂದೆ ಹೋಗಿದ್ದಾನೆ. ಕೇಳದೆ ಎನ್‌ಸಿ (ನಿಯಮಕ್ಕೆ ಹೊಂದದ್ದರ ವರದಿ) ಬರೆದರೆ ಎರಡರ ನಡುವಿನ ವ್ಯತ್ಯಾಸ ತಿಳಿಯದು.

ಎನ್‌ಸಿ ಫೈಲ್ ತೆರೆದು ‘ಮೂಲ ಕಾರಣ: ಆಪರೇಟರ್‌ನ ಅಜಾಗರೂಕತೆ. ಕ್ರಮ: ತರಬೇತಿ ನೀಡಲಾಯಿತು’ ಎಂಬ ಉತ್ತರ ಎಷ್ಟಿವೆ ಎಂದು ಎಣಿಸಿ. ಅಂಥ ಪ್ರತಿ ಉತ್ತರವೂ ಮುಂದಿನ ತಪ್ಪನ್ನು ಮುಚ್ಚಿಡಲು ಕಲಿಸುತ್ತದೆ, ಮುಚ್ಚಿಟ್ಟ ತಪ್ಪಿನಿಂದ ಯಾರಿಗೂ ಹೊಸ ಯೋಚನೆ ಹುಟ್ಟುವುದಿಲ್ಲ. ಕೆಲಸದ ಜಾಗದಿಂದ ಭಯವನ್ನು ಓಡಿಸಿ ಎಂಬುದನ್ನು ಗುಣಮಟ್ಟ ತಜ್ಞ ಡೆಮಿಂಗ್ ತಮ್ಮ 14 ಸೂತ್ರಗಳಲ್ಲಿ ಒಂದಾಗಿ ಇಟ್ಟದ್ದು ಇದೇ ಕಾರಣಕ್ಕೆ. ಇನ್ನು ಮುಂದೆ ‘ಆಪರೇಟರ್ ತಪ್ಪು’ ಎಂಬಲ್ಲಿಗೆ ನಿಲ್ಲುವ ವಿಶ್ಲೇಷಣೆಯನ್ನು ವಾಪಸ್ ಕಳಿಸಿ: ಆ ತಪ್ಪು ಸಾಧ್ಯವಾದದ್ದು ಹೇಗೆ, ಮುಂದಿನ ಆಪರೇಷನ್‌ಗೆ ದಾಟಿದ್ದು ಹೇಗೆ ಎಂದು ಬರೆಯಲಿ.

ತಿಂಗಳಿಗೊಮ್ಮೆ ಮೂರು ಅಂಕಿ ನೋಡಿದರೆ ಸಾಕು. ಸಲಹೆ ಬಂದ ದಿನದಿಂದ ಪ್ರಯೋಗ ನಡೆದ ದಿನಕ್ಕೆ ಎಷ್ಟು ಅಂತರ? ಕೆಲಸಗಾರರ ಮಾತಿನಿಂದ ಬದಲಾದ ಹಾಳೆಗಳು ಎಷ್ಟು? ಪ್ರಯೋಗಗಳಲ್ಲಿ ಸೋತವು ಎಷ್ಟು? ಒಂದೂ ಸೋಲದಿದ್ದರೆ ಖುಷಿಪಡಬೇಡಿ, ಫಲಿತಾಂಶ ಮೊದಲೇ ಗೊತ್ತಿದ್ದದ್ದನ್ನು ಮಾತ್ರ ಜನ ತರುತ್ತಿದ್ದಾರೆ ಎಂದರ್ಥ.

ಹೊರಗಿನ ಆಡಿಟರ್ ಬಂದಾಗ ಪ್ರಯೋಗ ಚೀಟಿಗಳ ಫೈಲನ್ನು ಬಚ್ಚಿಡದೆ ಮುಂದಿಡಿ. ಬದಲಾವಣೆಯ ನಿಯಂತ್ರಣ ಕೇಳುವ ಕಲಂ 8.5.6, ಸಂಸ್ಥೆಯ ಜ್ಞಾನ ಕೇಳುವ 7.1.6, ನಿರಂತರ ಸುಧಾರಣೆ ಕೇಳುವ 10.3, ಮೂರಕ್ಕೂ ಅದೇ ಸಾಕ್ಷಿ. ಪೆನ್ನಿನ ತಿದ್ದುಪಡಿಯ ಬಗ್ಗೆ ಆಕ್ಷೇಪ ಬಂದರೆ ನಿಮ್ಮ ಕಾರ್ಯವಿಧಾನದ ಆ ಸಾಲನ್ನು ತೋರಿಸಿ. ಹತ್ತು ದಿನದ ಗಡುವು ಮೀರಿದ ಹಾಳೆ ಸಿಕ್ಕರೆ ಎನ್‌ಸಿ ಒಪ್ಪಿಕೊಳ್ಳಿ, ಆದರೆ ಅದರ ಪರಿಹಾರವಾಗಿ ಪೆನ್ನಿನ ತಿದ್ದುಪಡಿಯನ್ನೇ ನಿಷೇಧಿಸಬೇಡಿ. ಪ್ರಿಂಟ್ ತಡವಾದದ್ದು ಯಾಕೆಂದು ಹುಡುಕಿ ಅದನ್ನು ಸರಿಪಡಿಸಿ.